ಕುಣಿಗೆ ಇಳಿದ ಮೇಲಿನ ಮಾತು

ಬಯಕೆ ಬುತ್ತಿಯ ಬುಟ್ಟಿಯನ್ನು ಗಂಡಸೊಬ್ಬನೇ ಹೊತ್ತುಕೊಂಡು ಹೋದದ್ದನ್ನು ಬೆಟಗೇರಿಯ ನೇಕಾರರ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಬಸುರಿ ಮಗಳಿಗೆ ಏಳನೆಯ ತಿಂಗಳಲ್ಲಿ ತವರಿನ ಅಡುಗೆ ಒಯ್ಯುವವರು ಹೆಂಗಸರು. ತಾಯಿ, ಚಿಕ್ಕವ್ವ, ಓಣಿಯ ನಾಲ್ಕಾರು ಮುತ್ತೈದೆಯರು, ಚೀಲ ಹಿಡಿಯಲು ಬೇಕಿದ್ದರೆ ಹಿಂದೊಬ್ಬ ಗಂಡಸು. ಕುಬೇರಪ್ಪ ಮಾತ್ರ ಅಂದು ಮುಂಜಾನೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ, ಬಿಳಿ ಪಂಚೆ ಮುಚ್ಚಿ ಬಿಗಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಪಂಚೆ ಮುಚ್ಚಿದರೆ ಬುಟ್ಟಿ ಕಾಣಲಿಕ್ಕಿಲ್ಲ, ಎಳ್ಳಹೋಳಿಗೆಯ ವಾಸನೆಯನ್ನು ಮುಚ್ಚುವುದು ಹೇಗೆ? ಮುಂದಿನ ಸೀಟಿನ ಮುದುಕಿಯೊಬ್ಬಳು ಮೂಗರಳಿಸಿ ಹಿಂತಿರುಗಿದಳು. "ಎಷ್ಟರಾಗ ಅದಾಳ್ರಿ ಮಗಳು?" ಎಂದಳು. "ಏಳರಾಗ ಬಿದ್ದಾಳ್ರಿ," ಎಂದ. "ಹೆಣಮಕ್ಕಳು ಯಾರೂ ಬರಲಿಲ್ಲೇನ್ರಿ ಮತ್ತ?" "ಬರಾಕಿ ಇದ್ಲ್ರಿ, ಜ್ವರಾ ಬಂದಾವು ಅಕಿಗೆ." ಮುದುಕಿ ಲೊಚಗುಟ್ಟಿ ಮುಂದೆ ತಿರುಗಿದಳು. ಸುಳ್ಳು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಬಸ್ಸು ಊರು ದಾಟುವುದರೊಳಗೆ ಅವನಿಗೇ ಅದು ಖರೆ ಅನಿಸತೊಡಗಿತು. ದ್ರಾಕ್ಷಾಯಣಿ ಕೌದಿ ಹೊದ್ದು ಮಲಗಿದ್ದಾಳೆ, ಹಣೆ ಸುಡುತ್ತಿದೆ, ತಾನು ಹಸಿ ಬಟ್ಟೆ ಹಾಕಿ ಕೂತಿದ್ದೇನೆ. ಇಷ್ಟನ್ನು ಕಣ್ಣ ಮುಂದೆ ತಂದುಕೊಂಡು ಅವನು ಹೆಂಡತಿಗಾಗಿ ಮರುಗಿದ. ಪಾಪ, ಹೆತ್ತ ಮಗಳ ಬಯಕೆ ಬುತ್ತಿಗೂ ಬರಲಾಗಲಿಲ್ಲವಲ್ಲ ಎಂದು.

ದ್ರಾಕ್ಷಾಯಣಿಗೆ ಜ್ವರ ಇರಲಿಲ್ಲ. ಎಡಗಣ್ಣಿನ ಕೆಳಗೆ ಮುಖ ಊದಿ ನೀಲಿಗಟ್ಟಿತ್ತು, ಅಷ್ಟೇ. ಮೊನ್ನೆ ಸಂಜೆ ಅವನು ಗದಗಿನ ಸಾವಕಾರನ ಅಂಗಡಿಗೆ ಸೀರೆ ಒಯ್ದಿದ್ದ. ಸಾವಕಾರ ಗಾದಿಯ ಮೇಲೆ ಸೀರೆ ಹರವಿ, ಬೆಳಕಿಗೆ ಹಿಡಿದು, ಒಂದು ಕಡೆ ಎಳೆ ಹಾರಿದ್ದನ್ನು ಉಗುರಿನಿಂದ ತೋರಿಸಿ, ಕೂತಿದ್ದ ನಾಲ್ಕು ನೇಕಾರರ ಎದುರಿಗೆ, "ನೋಡ್ರಿ, ನಮ್ಮ ಕುಬೇರಪ್ಪ ಇನ್ನೂ ಅಜ್ಜ ಆಗಿಲ್ಲ, ಕಣ್ಣು ಆಗಲೇ ಮುದಿ ಆಗ್ಯಾವು," ಎಂದಿದ್ದ. ಎಲ್ಲರೂ ನಕ್ಕರು. ಕುಬೇರಪ್ಪ ಎಲ್ಲರಿಗಿಂತ ಹೆಚ್ಚು ನಕ್ಕ. ಆ ನಗುವನ್ನು ಮುಖದ ಮೇಲೆ ಹೊತ್ತುಕೊಂಡೇ ಬೆಟಗೇರಿಯವರೆಗೆ ನಡೆದು ಬಂದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಶರಣು ಹೇಳಿದ, ಯಾರದೋ ಮಗುವಿನ ಕೆನ್ನೆ ಮುಟ್ಟಿದ. ಮನೆಯಲ್ಲಿ ದ್ರಾಕ್ಷಾಯಣಿ ಒಲೆಯ ಮುಂದೆ ಎಳ್ಳು ಹುರಿಯುತ್ತಿದ್ದವಳು ತಲೆ ಎತ್ತದೆ, "ಕೈಕಾಲು ತೊಳಕೊಂಡ ಬರ್ರಿ," ಎಂದಳು. ಇಷ್ಟೇ ಆದದ್ದು. ತಲೆ ಎತ್ತಲಿಲ್ಲ ಎಂಬುದೇ ಅವನಿಗೆ ಆ ಹೊತ್ತಿಗೆ ಸಾವಕಾರನ ಮಾತಿಗಿಂತ ದೊಡ್ಡದಾಗಿ ಕಂಡಿತು. ಮುಂದಿನದು ಅವನಿಗೆ ಎಂದೂ ಸರಿಯಾಗಿ ನೆನಪಿರುವುದಿಲ್ಲ, ಮೊನ್ನೆಯದೂ ಇಲ್ಲ. ನೆನಪು ಶುರುವಾಗುವುದು ಆಮೇಲಿನಿಂದ. ನೆಲದ ತುಂಬ ಎಳ್ಳು, ಒಡೆದ ಬಳೆಯ ಚೂರು, ತಾನು ಮೊಣಕಾಲೂರಿ ಎಳ್ಳನ್ನು ಗೋರುತ್ತಿರುವುದು. ಓಡಿ ಹೋಗಿ ಅರಿಶಿನ ತೇಯ್ದು ತಂದು ಅವಳ ಕೆನ್ನೆಗೆ ಹಚ್ಚಿದ. ಹಚ್ಚುತ್ತ ಹಚ್ಚುತ್ತ ತಾನೇ ಅತ್ತ, ಹುಡುಗರ ಹಾಗೆ ಬಿಕ್ಕಿ ಬಿಕ್ಕಿ. ಕಡೆಗೆ ದ್ರಾಕ್ಷಾಯಣಿಯೇ ಅವನ ಬೆನ್ನು ಸವರಿ, "ಆತು ಬಿಡ್ರಿ, ಬುತ್ತಿಗೆ ಬ್ಯಾರೆ ಎಳ್ಳ ತಂದ್ರಾತು," ಎನ್ನಬೇಕಾಯಿತು. ಪೆಟ್ಟು ತಿಂದವಳೇ ಸಮಾಧಾನ ಹೇಳಬೇಕಾದ ಮನೆ ಅದು. ಅವಳ ಕೈ ಬೆನ್ನ ಮೇಲೆ ಬಿದ್ದಾಗ ಕುಬೇರಪ್ಪನಿಗೆ ಎಲ್ಲವೂ ತೊಳೆದು ಹೋದ ಹಾಗೆ ಅನಿಸಿತು. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ಶಿರಹಟ್ಟಿಯಲ್ಲಿ ಮೋತಿಬಿ ಬಸ್ಸು ಹತ್ತಿದಳು. ಊರೂರು ತಿರುಗಿ ಬಳೆ ಇಡಿಸುವವಳು, ಹೆಗಲ ಮೇಲೆ ಬಳೆಯ ಮಲಾರ. ಬೆಟಗೇರಿಯ ಓಣಿಗೂ ತಿಂಗಳಿಗೊಮ್ಮೆ ಬರುತ್ತಿದ್ದಳಾದ್ದರಿಂದ ಕುಬೇರಪ್ಪನನ್ನು ಕಂಡು ನಕ್ಕು ಪಕ್ಕದ ಸೀಟಿನಲ್ಲೇ ಕೂತಳು. ಬುಟ್ಟಿ ನೋಡಿದೊಡನೆ ಸಂಗತಿ ಅವಳಿಗೆ ತಿಳಿಯಿತು. "ನಿಮ್ಮ ಮಗಳು ನೀಲಾ ತವರಿಗೆ ಬಂದ ಮ್ಯಾಲ ಹಸರ ಬಳಿ ನಾನ ಇಡಸ್ತೇನ್ರಿ ಅಣ್ಣಾರ. ಮದವ್ಯಾಗ ಇಡಿಸಿದಾಕಿ ನಾನ," ಎಂದಳು. ಅವನು ಆಗಲಿ ಎಂದ. ಅವಳೇ ಮತ್ತೆ, ಮಲಾರದ ದಾರ ಬಿಗಿಯುತ್ತ, "ದ್ರಾಕ್ಷಾಯಣಕ್ಕಾರ ಕೈಯಾಗ ಮಾತ್ರ ಬಳಿ ನಿಲ್ಲವಲ್ವು ನೋಡ್ರಿ. ಓಣ್ಯಾಗ ಎಲ್ಲಾರಿಗೂ ಹಬ್ಬಕ್ಕೊಮ್ಮೆ ಇಡಸಿದ್ರ ಅವರಿಗೆ ತಿಂಗಳಾ ಇಡಸಬೇಕು. ಕೈ ಏನ ಒರಟ ಇಲ್ಲ, ಬಾಳ ಮೆತ್ತನ ಕೈ ಅವರದು," ಎಂದಳು. ಹೇಳಿದ ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂಬುದು ಖಾತ್ರಿಯಾಗದೆ ಕುಬೇರಪ್ಪ ಅವಳ ಮುಖ ನೋಡಿದ. ಮೋತಿಬಿ ಕಂಡಕ್ಟರನ ಕಡೆ ನೋಡುತ್ತಿದ್ದಳು. ಅವನ ಕಿವಿ ಬಿಸಿಯಾದವು. ಈ ಹೆಂಗಸು ಎಷ್ಟು ಮನೆಗಳ ಎಷ್ಟು ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ನೋಡಿರಬೇಕು, ಏನೇನು ತಿಳಿದುಕೊಂಡಿರಬೇಕು ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಹೊಳೆದೊಡನೆ ಸಿಟ್ಟು ಬಂದದ್ದು ಮಾತ್ರ ಮೋತಿಬಿಯ ಮೇಲಲ್ಲ. ಮನೆಯಲ್ಲಿ ಊದಿದ ಮುಖ ಹೊತ್ತು ಕೂತಿರುವವಳ ಮೇಲೆ. ಬಳೆ ಇಡಿಸಿಕೊಳ್ಳುವಾಗ ಇವಳ ಮುಂದೆ ಏನು ಒದರಿದ್ದಾಳೋ ಎಂದು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಕುಬೇರಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ಬಗ್ಗೆ ಅದನ್ನು ಎಷ್ಟೋ ಸಲ ಅವನೇ ಆಡಿದ್ದಾನೆ. ಓಣಿಯಲ್ಲಿ ಅವನೆಂದರೆ ದೇವರಂಥ ಮನುಷ್ಯ. ಸತ್ತವರ ಮನೆಗೆ ಮೊದಲು ಹೋಗುವವನು, ಹಾವು ಬಂದರೆ ಹೊಡೆಯದೆ ದಾರಿ ಬಿಡಿಸಿ ಕಳಿಸುವವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಓಣಿಯ ಹಿರಿಯರು ಅವನ ಮನೆಯ ಸದ್ದಿಗೆ ಕಿವುಡಾಗಿದ್ದರು. ಅವನ ಲೆಕ್ಕದಲ್ಲಿಯೂ ಅದು ಅಷ್ಟೇ ಆಗಿತ್ತು. ಕೆಟ್ಟ ಗಳಿಗೆಗಳು ಕೆಲವು, ಒಳ್ಳೆಯ ಗಳಿಗೆಗಳು ಅವಕ್ಕಿಂತ ಎಷ್ಟೋ ಹೆಚ್ಚು. ಒಳ್ಳೆಯ ಗಳಿಗೆ ಎಂದೊಡನೆ ಅವನಿಗೆ ನೆನಪಾಗುತ್ತಿದ್ದದ್ದು ಮಗ್ಗದ ಹೊತ್ತು. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಕೆಳಗೆ ಬಿಟ್ಟು, ನೇಯ್ದ ಸೀರೆ ಸುತ್ತಿಕೊಳ್ಳುವ ಮರವನ್ನು ಹೊಟ್ಟೆಗೆ ಆತುಕೊಂಡು ನೇಯಬೇಕು. ಒಮ್ಮೆ ಇಳಿದರೆ ನೇಕಾರ ಅರ್ಧ ನೆಲದೊಳಗೆ. ಎದುರಿಗೆ ದ್ರಾಕ್ಷಾಯಣಿ ರಾಟೆ ಇಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂರುವಳು, ಆಗ ಅವಳ ಬಾಯಿಗೆ ತಡೆಯೇ ಇಲ್ಲ. ಮಗಳಿಗೆ ಬಂದ ವರನ ಸುದ್ದಿ, ತಮ್ಮನ ಮದುವೆಗೆ ಹೋಗುವ ವಿಚಾರ, ಅಟ್ಟ ಸೋರುವುದು, ಬೆಕ್ಕು ಹಾಲು ಕುಡಿದದ್ದು, ಒಮ್ಮೊಮ್ಮೆ ಅವನನ್ನೇ ಚೇಷ್ಟೆ ಮಾಡಿ ನಗುವುದು. ಲಾಳಿ ಅತ್ತಿತ್ತ ಆಡುವ ಸದ್ದಿನಲ್ಲಿ ಅವಳ ಮಾತೂ ಬೆರೆತು ಅವನಿಗೆ ಸುಖವಾಗುತ್ತಿತ್ತು. ಮಗ್ಗದಿಂದ ಮೇಲೆ ಎದ್ದ ಮೇಲೆ ಯಾಕೋ ಇವಳು ಮುಚ್ಚಿದ ಬಾಯಿ ತೆರೆಯುವುದಿಲ್ಲ ಎಂಬುದು ಅವನ ದೂರಾಗಿತ್ತು. ಕೆಲಸದ ಹೊತ್ತಿನಲ್ಲಿ ಮಾತ್ರ ಗೆಲುವಾಗಿರುವ ಹೆಂಗಸು, ದುಡಿಯುವ ಕುಲದವಳಲ್ಲವೇ, ಎಂದು ಅದಕ್ಕೊಂದು ಅರ್ಥವನ್ನೂ ಕೊಟ್ಟುಕೊಂಡಿದ್ದ.

ನೀಲಾ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಈ ಎರಡು ದಿನದಲ್ಲಿ ಗಟ್ಟಿ ಮಾಡಿಕೊಂಡಿದ್ದ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಬುತ್ತಿ ಉಣಿಸಿ ಇವತ್ತೇ ಸಂಜೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ಹೊರಡಬೇಕು. ಮನೆಯಲ್ಲಿ ಬಸುರಿ ಮಗಳು, ಆಮೇಲೆ ತೊಟ್ಟಿಲು, ಕೂಸಿನ ಅಳು. ಅಂಥ ಮನೆಯಲ್ಲಿ ಯಾವ ಗಂಡಸಿನ ಕೈ ಮೇಲೇಳುತ್ತದೆ? ಎಮರ್ಜೆನ್ಸಿ ಮುಗಿದ ಬೇಸಿಗೆಯಲ್ಲಿ ಅವಳ ಮದುವೆಯಾದ ಮೇಲೆಯೇ ಮನೆ ಹೀಗೆ ಬಿಕೋ ಅನ್ನತೊಡಗಿದ್ದು, ತನ್ನ ಸಿಟ್ಟು ಹೆಚ್ಚಿದ್ದು. ಅವಳು ಬಂದುಬಿಟ್ಟರೆ ತಾನು ಬೇರೆಯೇ ಮನುಷ್ಯನಾಗುತ್ತೇನೆ. ತನ್ನ ಸುಧಾರಣೆಯನ್ನು ಹೊರುವ ಕೆಲಸವನ್ನು ಇನ್ನೂ ಹುಟ್ಟದ ಮೊಮ್ಮಗುವಿನ ಹೆಗಲಿಗೆ ಹಾಕಿದೆನೆಂದು ಅವನಿಗೆ ಅನಿಸಲಿಲ್ಲ. ಮಗಳಿಗೆ ಒಂದು ದಿನವೂ ಗದರಿದವನಲ್ಲ ಅವನು. ಅದೊಂದು ಅವನ ಹೆಮ್ಮೆ.

ಲಕ್ಷ್ಮೇಶ್ವರದಲ್ಲಿ ಬೀಗತಿ ಬಾಗಿಲಿಗೆ ಬಂದು, ಅವನ ಹಿಂದೆ ಯಾರೂ ಇಲ್ಲವೆಂದು ಓಣಿಯ ತಿರುವಿನ ತನಕ ಕಣ್ಣು ಹಾಯಿಸಿ ನೋಡಿ, "ಒಬ್ಬರ ಬಂದ್ರೇನ್ರಿ ಬೀಗರ?" ಎಂದಳು. ಅವನು ಜ್ವರದ ಮಾತು ಹೇಳಿದ. "ಅಯ್ಯ, ಹೇಳಿ ಕಳಿಸಿದ್ರ ಮುಂದಿನ ವಾರ ಇಟ್ಕೋತಿದ್ದಿವಿ," ಎಂದು ಬುಟ್ಟಿ ಇಳಿಸಿಕೊಂಡಳು. ಒಳ್ಳೆಯ ಹೆಂಗಸು, ಮುಂದೆ ಕೇಳಲಿಲ್ಲ. ಗಂಡಸಿನ ಕೈಯಿಂದ ಬುತ್ತಿ ಬಿಚ್ಚಿಸಲಾದೀತೇ ಎಂದು ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿ ಗಂಟು ಬಿಚ್ಚಿಸಿದಳು, ಆರತಿ ಮಾಡಿಸಿದಳು. ಕುಬೇರಪ್ಪ ಕಂಬಕ್ಕೆ ಒರಗಿ, ಎಲ್ಲಿ ನಿಂತರೂ ಅಡ್ಡವಾಗುವ ಸಾಮಾನಿನ ಹಾಗೆ ನಿಂತಿದ್ದ. ನೀಲಾ ಮಣೆಯ ಮೇಲೆ ಕೂತಿದ್ದಳು, ಹಸಿರು ಸೀರೆ, ತುಂಬಿದ ಮುಖ. ಅವಳು ಒಂದು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು, ಅಗಿಯುವುದನ್ನು ನಿಲ್ಲಿಸಿ ತಂದೆಯ ಕಡೆ ನೋಡಿದಳು. "ಅವ್ವಗ ಜ್ವರಾ ಎಂದ ಬಂದಾವು?" ಎಂದಳು. "ಮೊನ್ನಿ," ಎಂದ. ಅವಳು ತಲೆ ತಗ್ಗಿಸಿ ಉಂಡಳು. ಎಲೆಗೆ ಬಡಿಸಿದ್ದನ್ನೆಲ್ಲ ಉಂಡಳು, ಒಂದು ಅಗುಳೂ ಬಿಡದೆ, ಯಾರೋ ನೋಡುತ್ತಿದ್ದಾರೆ, ಬಿಟ್ಟರೆ ಅವರಿಗೆ ನೋವಾಗುತ್ತದೆ ಎನ್ನುವ ಹಾಗೆ. ಊಟವಾದ ಮೇಲೆ ಬೀಗತಿ ಉಳಿದ ಬುತ್ತಿಯನ್ನು ಓಣಿಯ ಮನೆಗಳಿಗೆ ಬೀರಲು ಹೊರಟಳು.

ಅಳಿಯ ವಿರೂಪಾಕ್ಷಪ್ಪ ಮಗ್ಗದ ಪಡಸಾಲೆಯಲ್ಲಿ ಮಾವನಿಗೆ ಚಾಪೆ ಹಾಸಿ ಎಲೆ ಅಡಿಕೆಯ ತಟ್ಟೆ ಇಟ್ಟ. ತೆಳ್ಳಗಿನ, ನಗುಮುಖದ ಹುಡುಗ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಮಳೆ ಬೆಳೆ, ನೂಲಿನ ರೇಟು, ಎಲ್ಲ ಮಾತು ಮುಗಿದ ಮೇಲೆ ಅವನು, "ನಿಮ್ಮ ಮಗಳದ ಒಂದ ಮಜಾ ಅದರಿ ಮಾವಾರ," ಎಂದ. "ಏನ್ರಿ?" "ನಾ ಮ್ಯಾಲ ಅಡ್ಡಾಡಿಕೋತ ಇದ್ದಾಗ ಏನ ಕೇಳಿದ್ರೂ ಹಾಂ, ಹೂಂ, ಅಷ್ಟ. ಬಾಯಾಗ ಮಾತ ಇಲ್ಲ. ಒಮ್ಮೆ ಕುಣ್ಯಾಗ ಇಳದ ಲಾಳಿ ಹಿಡದ್ನೆಪಾ ಅಂದ್ರ ಬಂತ ನೋಡ್ರಿ ಪಟ್ಟಿ. ಅದ ಬೇಕ, ಇದ ಬೇಕ, ಅತ್ತಿ ಹಿಂಗ ಅಂದ್ರು, ನೀವ ಹಂಗ ಮಾಡಬಾರದಾಗಿತ್ತು. ಬಸರ ಆಗೇನಿ ಅಂತ ಹೇಳಿದ್ದೂ ನಾ ಕುಣ್ಯಾಗ ಇದ್ದಾಗನ. ಎದ್ದ ಬರಬೇಕಂದ್ರ ಎಳಿ ಸಿಕ್ಕಾಗಿ ಕುಂತಿತ್ತು." ಅವನು ನಕ್ಕ. "ಪಾವರ್ ಲೂಮ್ ಹಾಕೂಣು ಮುಂದಿನ ವರ್ಷ ಅಂತೇನಿ, ಅದಕ್ಕ ಒಲ್ಲೆ ಅಂತಾಳ. ಯಾಕಬೇ ಅಂದ್ರ, ಅದನ್ನ ನಿಂತ ನೇಯಬೇಕಲ್ಲ ಅಂತಾಳ. ನಿಂತ್ರ ನಿನಗೇನ ಆತು ಅಂದ್ರ ಸುಮ್ಮನಾಗತಾಳ." ಸಣ್ಣಾಕಿ ಇದ್ದಾಗಿಂದ ಹಂಗ ಇದ್ದಾಳೇನ್ರಿ, ಎಂದು ಅಳಿಯ ಕೇಳುತ್ತಿದ್ದ. ಕುಬೇರಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ. ನಗಬೇಕೆಂದು ಗೊತ್ತಿತ್ತು, ನಗು ಬರಲಿಲ್ಲ.

ಸಣ್ಣಾಕಿ ಇದ್ದಾಗಿಂದ. ಇವಳೊಬ್ಬಳೇನು? ಅವನಿಗೆ ತನ್ನ ಅವ್ವ ಬನಶಂಕರೆವ್ವನ ನೆನಪಾಯಿತು, ನೆನಪಾಗಲೆಂದು ಅವನು ಬಯಸಿರಲಿಲ್ಲ. ಶಾಲೆಯ ಪಾಟಿ ಒಡೆದು ಹೋಗಿತ್ತು, ಹೊಸದು ಬೇಕಿತ್ತು. ಅಪ್ಪ ಪಾಂಡಪ್ಪ ಅಂಗಳದಲ್ಲಿ ನಿಂತಿದ್ದ. ಕೇಳು ಎಂದು ಅವ್ವನ ಸೆರಗು ಜಗ್ಗಿದರೆ ಅವಳು ಅವನ ಬಾಯಿ ಮುಚ್ಚಿ ಕಿವಿಯಲ್ಲಿ, "ತಡಿ. ನಿಮ್ಮಪ್ಪ ಮಗ್ಗಕ್ಕ ಕುಂದರಲಿ," ಎಂದಿದ್ದಳು. ಅಪ್ಪ ಕುಣಿಗೆ ಇಳಿದು, ಕಾಲು ಹೊಂದಿಸಿಕೊಂಡು, ಮರ ಹೊಟ್ಟೆಗೆ ಎಳೆದುಕೊಂಡು, ಲಾಳಿ ಎರಡು ಸಲ ಆಡುವವರೆಗೂ ತಾಯಿ ಮಗ ಇಬ್ಬರೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು. ಆಮೇಲೆ ಅವ್ವ ಹೊರಗೆ ಬಂದು, ಸಹಜ ದನಿಯಲ್ಲಿ, ನಕ್ಕಂತೆ ಮಾಡಿ, ಪಾಟಿಯ ಮಾತು ತೆಗೆದಿದ್ದಳು. ಅಪ್ಪ ಬೈದ, ಎದ್ದು ಬರಲಿಲ್ಲ. ಎದ್ದು ಬರುವುದೆಂದರೆ ಲಾಳಿ ಇಡಬೇಕು, ಮರ ಸರಿಸಬೇಕು, ಒಂದೊಂದೇ ಕಾಲು ಮೇಲೆ ಎಳೆದುಕೊಳ್ಳಬೇಕು. ಅಷ್ಟರೊಳಗೆ ಹೆಂಗಸು ಓಣಿಗೆ ಹೋಗಿ ನಿಲ್ಲಬಹುದು, ಗಂಡಸಿನ ಸಿಟ್ಟೂ ಅರ್ಧ ಇಳಿಯಬಹುದು. ಇದನ್ನು ಕುಬೇರಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ವಯಸ್ಸಿನಲ್ಲೇ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಯಾವಾಗ ಮರೆತುಹೋಯಿತು? ತಾನು ಕುಣಿಗೆ ಇಳಿದ ದಿನವೇ ಮರೆತಿರಬೇಕು. ಅವ್ವ ಸೊಸೆಗೆ ಹೇಳಿಕೊಟ್ಟಿದ್ದಾಳೆ. ಸೊಸೆ ಮಗಳಿಗೆ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ, ಮಗಳು ನೋಡಿಯೇ ಕಲಿತಿದ್ದಾಳೆ. ಹಾಗಾದರೆ ಆ ನಗು, ಆ ಬೆಕ್ಕಿನ ಕತೆ, ಚೇಷ್ಟೆ? ಇಪ್ಪತ್ತು ವರ್ಷ ತನ್ನ ಬಾಳಿನ ಸುಖದ ಹೊತ್ತೆಂದು ಎಣಿಸಿದ್ದು, ದ್ರಾಕ್ಷಾಯಣಿಯ ಪಾಲಿಗೆ, ನಾಯಿಯನ್ನು ಕಟ್ಟಿ ಹಾಕಿದ ಮೇಲೆ ಅಂಗಳಕ್ಕೆ ಬಂದ ಹೊತ್ತು. ಕುಬೇರಪ್ಪನಿಗೆ ದುಃಖ ಬಂತು. ಆ ದುಃಖದಲ್ಲಿಯೂ, ನನಗೆ ಇಷ್ಟು ವರ್ಷ ಮೋಸ ಮಾಡಿದಳಲ್ಲ ಎಂಬ ಸಿಟ್ಟಿನದೊಂದು ಎಳೆ ಇದ್ದದ್ದನ್ನು ಅವನು ಕಂಡ. ಕಂಡು ತನ್ನ ಬಗ್ಗೆಯೇ ಅಂಜಿದ.

ವಿರೂಪಾಕ್ಷಪ್ಪ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬರುತ್ತೇನೆಂದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ನೀಲಾ ಒಳಗಿನಿಂದ ಬಂದು ಪಡಸಾಲೆಯ ನಡುಬಾಗಿಲಲ್ಲಿ ನಿಂತಳು. ಕೈ ಹೊಟ್ಟೆಯ ಮೇಲಿತ್ತು. "ಅಪ್ಪಾ, ಇವರು ನೇಯೂ ಸೀರಿ ಅಂಚು ಒಂದ ಕಡಿ ಜಗ್ಗಾಕತ್ತೈತಿ ಅಂತಿದ್ರು. ನೀ ಒಂದೀಟ ಕುಂತ ನೋಡತೀ?" ಎಂದಳು. ಕುಬೇರಪ್ಪ ಮಗ್ಗದ ಕಡೆ ನೋಡಿದ. ಕೂತಲ್ಲಿಂದಲೇ ಕಾಣುತ್ತಿತ್ತು, ಅಂಚು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಅವನು ಮಗಳ ಮುಖ ನೋಡಿದ. ಅವಳು ಮಗ್ಗವನ್ನು ನೋಡುತ್ತಿದ್ದಳು. ಹೇಳು ಮಗಳೇ, ಇಲ್ಲೇ ಕೂತು ಕೇಳುತ್ತೇನೆ, ನಾನು ನಿನ್ನ ಅಪ್ಪ, ಎನ್ನಬೇಕೆಂದುಕೊಂಡ. ಅಂದರೆ ಅವಳು ಏನೂ ಇಲ್ಲಪ್ಪ ಎಂದು ಒಳಗೆ ಹೋಗುತ್ತಾಳೆಂದು ಗೊತ್ತಿತ್ತು. ಎದ್ದು, ಮರ ಸರಿಸಿ, ಅಂಚಿಗೆ ಕೂತು, ಎರಡೂ ಕಾಲು ಕುಣಿಗೆ ಇಳಿಬಿಟ್ಟ. ಬೇರೆಯವರ ಮಗ್ಗ, ಕುಣಿ ಅವನ ಕಾಲಿಗೆ ಆಳವಾಯಿತು. ಮರವನ್ನು ಹೊಟ್ಟೆಗೆ ಎಳೆದುಕೊಂಡ. ಲಾಳಿ ಹಿಡಿದು ಒಂದು ಸಲ ಆಡಿಸಿದ, ಮತ್ತೊಂದು ಸಲ ಆಡಿಸಿದ.

"ಅಪ್ಪಾ, ನಾ ಬರೂದಿಲ್ಲ," ಎಂದಳು ನೀಲಾ.

"ಇವತ್ತ ಆಗದಿದ್ರ ಗುರುವಾರ ಬರ್ತೇನಿ. ಅಮಾಸಿ ಹೋಗಲಿ ಬೇಕಾದ್ರ."

"ಹಡಿಯಾಕ ಬರೂದಿಲ್ಲ ಅಂದೆ. ಇಲ್ಲೇ ಹಡಿತೇನಿ. ಅತ್ತಿ ಹೂಂ ಅಂದಾರ."

"ಅವರ ಮುಂದ ಏನಂತ ಹೇಳಿದಿ?"

"ಅವ್ವಗ ಆರಾಮ ಇರೂದಿಲ್ಲ, ಅಲ್ಲಿ ಮಾಡಾವ್ರು ಯಾರೂ ಇಲ್ಲ ಅಂತ ಹೇಳೇನಿ. ನಿನ್ನ ಹೆಸರ ತಗದಿಲ್ಲ. ಇವರಿಗೂ ಗೊತ್ತಿಲ್ಲ."

ಕುಬೇರಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಲಿಲ್ಲ ಎಂದರೆ ಓಣಿಯವರು ಏನೆಂದಾರು, ಬಾಗಿಲಿಗೆ ಬಂದ ತಂದೆಯನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ, ಎಂದೆಲ್ಲ ನಾಲಿಗೆಯ ತುದಿಗೆ ಬಂತು. ಬಂದ ಮಾತು ಬೇರೆಯೇ ಆಯಿತು. "ನಿನ್ನ ಮ್ಯಾಲ ನಾ ಯಾವತ್ತರೆ ಕೈ ಮಾಡೇನೇನವಾ?" ಎಂದ.

"ಇಲ್ಲ," ಎಂದಳು. "ಒಂದ ಸಲಾನೂ ಇಲ್ಲ. ಸಣ್ಣಾಕಿ ಇದ್ದಾಗ ನಂಗ ಅದ ತಿಳೀತಿದ್ದಿಲ್ಲ. ನಾ ತಪ್ಪ ಮಾಡಿದ್ರೂ ನಂಗ ಬೀಳೂದಿಲ್ಲ, ನನ್ನ ಪಾಲಿಂದೂ ಅವ್ವಗ ಬೀಳತೈತೇನೋ ಅಂತ ಅನಸತಿತ್ತು. ಹಾಸಿಗ್ಯಾಗ ಮಕ್ಕೊಂಡ ಇವತ್ತ ನಾ ಏನೇನ ತಪ್ಪ ಮಾಡೇನಿ ಅಂತ ನೆನಸಿಕೋತಿದ್ನಿ." ಅವಳ ದನಿ ಏರಲಿಲ್ಲ, ಕಂಡಿಕೆ ಸುತ್ತುತ್ತ ಮಾತಾಡುವವಳ ಹಾಗೆಯೇ ಇತ್ತು. "ಅವ್ವನ ಜ್ವರಾ ಎಲ್ಲಾ ನಂಗ ಗೊತ್ತದಾವಪಾ. ಬಾಣಂತಿ ಕ್ವಾಣ್ಯಾಗ ಮಕ್ಕೊಂಡ, ಗ್ವಾಡಿ ಆಚಿ ಸಪ್ಪಳಾ ಕೇಳಿಕೋತ ನನ್ನ ಕೂಸಿಗೆ ಹಾಲ ಕುಡಸಾಕ ನನ್ನ ಕೈಲೆ ಆಗೂದಿಲ್ಲ."

ಅದು ಬಂತು. ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದು, ಕತ್ತಿನ ಹಿಂದಿನಿಂದ ಏರಿ ಕಿವಿ ಮುಚ್ಚುವಂಥದ್ದು, ಹೆತ್ತ ಮಗಳ ಮೇಲೆಯೇ ಬಂತು. ಬಸುರಿ ಮಗಳ ಮೇಲೆ. ಎಂದೂ ನೆನಪಿರದ ಆ ಗಳಿಗೆಯನ್ನು ಅಂದು ಮೊದಲ ಸಲ ಅವನು ಎಚ್ಚರದಲ್ಲಿದ್ದು ನೋಡಿದ. ಬಲಗೈ ಲಾಳಿಯನ್ನು ಬಿಟ್ಟು ಮರದ ತುದಿಯನ್ನು ಹಿಡಿದಿತ್ತು, ಎಡಗಾಲು ಕುಣಿಯ ಗೋಡೆಗೆ ಒದ್ದುಕೊಂಡು ನಿಂತಿತ್ತು, ಮೈ ಒಂದು ಬದಿಗೆ ವಾಲಿತ್ತು. ಅವನು ಏಳುತ್ತಿದ್ದ. ಏಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ತಲೆ ಎತ್ತಿದರೆ ನೀಲಾ ನಡುಬಾಗಿಲಿನ ಹೊಸ್ತಿಲಿನ ಆ ಕಡೆಗೆ ಸರಿದಿದ್ದಳು. ಎರಡೂ ಕೈ ಈಗ ಹೊಟ್ಟೆಯ ಮೇಲಿದ್ದವು. ಅವಳು ಓಡಲಿಲ್ಲ, ಹೆದರಿದಂತೆಯೂ ಕಾಣಲಿಲ್ಲ, ಎಷ್ಟು ಸರಿಯಬೇಕೋ ಅಷ್ಟೇ ಸರಿದು ನಿಂತಿದ್ದಳು. ಕುಬೇರಪ್ಪ ಕೈಯನ್ನು ಮರದಿಂದ ತೆಗೆದು ಸೀರೆಯ ಮೇಲೆ ಇಟ್ಟ.

"ಅವ್ವನ್ನ ಇಲ್ಲಿಗೆ ಕಳಸಪಾ," ಎಂದಳು ನೀಲಾ. "ಬಾಣಂತನ ಮಾಡಾಕ."

"ಎಂದಿನ ತನಾ?"

"ಅಕಿ ಇರತೇನಿ ಅನ್ನೂ ತನಾ."

ನನಗೆ ಯಾರು ರೊಟ್ಟಿ ಬಡಿಯಬೇಕು, ಕಂಡಿಕೆ ಯಾರು ಸುತ್ತಬೇಕು ಎಂದು ಅವನ ಬಾಯಿ ತೆರೆದದ್ದು ನಿಜ. ನಾಚಿಕೆಯಾಗಿ ಮುಚ್ಚಿತು. ದ್ರಾಕ್ಷಾಯಣಿ ಹೋದರೆ ಮರಳಿ ಬರುವುದಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಮಗಳು ಕೇಳುತ್ತಿದ್ದದ್ದೂ ಅದನ್ನೇ. ರಾಟೆ ಸುಮ್ಮನೆ ನಿಂತ ಪಡಸಾಲೆ, ಲಾಳಿಯ ಸದ್ದೊಂದೇ, ಎದುರಿಗೆ ಯಾರೂ ಇಲ್ಲ. ಅವನಿಗೆ ಅಳು ಬಂತು. ಅತ್ತರೆ ಇವಳೂ ಬಂದು ಬೆನ್ನು ಸವರಬೇಕಾಗುತ್ತದೆ ಎಂದು ತುಟಿ ಕಚ್ಚಿ ತಡೆದ. ಅಷ್ಟು ಅವನಿಂದ ಆಯಿತು.

"ಕಳಸ್ತೇನಿ," ಎಂದ.

ಹೊರಗೆ ಓಣಿಯಲ್ಲಿ ಬೀಗತಿ ಯಾರದೋ ಬಾಗಿಲಲ್ಲಿ ನಿಂತು, ಬೆಟಗೇರಿ ಬುತ್ತಿ ತಗೋರಿ, ಎನ್ನುತ್ತಿದ್ದದ್ದು ಕೇಳಿಸಿತು.

"ಈಗ ಮನಿಗೆ ಹ್ವಾದ ಮ್ಯಾಲ," ಎಂದಳು ನೀಲಾ, "ಇದರ ಸಲುವಾಗಿ ಅಕಿಗೆ ಹೊಡಿಯೂದಿಲ್ಲಲಾ?"

ಇಲ್ಲ ಎನ್ನುವುದು ಸಣ್ಣ ಮಾತು. ಆ ಮಾತು ಅವನಲ್ಲಿ ಯಾವಾಗಲೂ ತಯಾರಿರುತ್ತಿತ್ತು. ಕುಲದೇವರ ಮುಂದೆ ಕರ್ಪೂರ ಹಚ್ಚಿ ಆಡಿದ್ದ, ಅವ್ವನ ಹೆಣದ ಕಾಲು ಮುಟ್ಟಿ ಆಡಿದ್ದ. ನೀಲಾ ತೊಟ್ಟಿಲಲ್ಲಿದ್ದಾಗ, ಆ ಎಳೆಯ ಮೆತ್ತನೆಯ ನೆತ್ತಿಯ ಮೇಲೆ ಅಂಗೈಯಿಟ್ಟು ಅವಳ ತಾಯಿಗೆ ಆಡಿದ್ದ, ಇನ್ನೊಮ್ಮೆ ಕೈ ಎತ್ತಿದರೆ ಈ ಕೂಸಿನಾಣೆ ಎಂದು. ಆಡಿದಾಗಲೆಲ್ಲ ಅದು ಅವನಿಗೆ ಖರೆಯಾಗಿಯೇ ಇತ್ತು. ಈಗ ಬಾಯಿ ತೆರೆದ. ನೆತ್ತಿಯ ಮೇಲೆ ಆಣೆಯಿಟ್ಟ ಆ ಕೂಸು ಹೊಸ್ತಿಲಿನ ಆಚೆ ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿತ್ತು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಗೊತ್ತಿಲ್ಲ ಎನ್ನುವುದೊಂದೇ ಖರೆಯಾಗಿತ್ತು, ಅದನ್ನು ಮಗಳಿಗೆ ಹೇಳುವ ಧೈರ್ಯವೂ ಇರಲಿಲ್ಲ.

"ನೀನ ಬಂದ ಕರಕೊಂಡ ಹೋಗು ಅಕಿನ್ನ," ಎಂದ ಕಡೆಗೆ. "ನಿನಗ ಆಗದಿದ್ರ ಅಳಿಯಾರನ್ನ ಕಳಸು. ನಾಳೆನ ಕಳಸು. ಇವತ್ತ ನಾ ಮನಿಗೆ ಹೋಗೂದಿಲ್ಲ, ಶಿರಹಟ್ಟ್ಯಾಗ ಮಠದಾಗ ಮಕ್ಕೋತೇನಿ."

ನೀಲಾ ಅವನನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. "ಆತು," ಎಂದಳು. ಎಂದರೂ ಅಲ್ಲಿಂದ ಕದಲಲಿಲ್ಲ. ಯಾಕೆ ನಿಂತಿದ್ದಾಳೆ, ಇನ್ನೇನು ಹೇಳುವುದಿದೆ ಎಂದು ಅವನು ಒಂದು ಕ್ಷಣ ಕಾದ. ಮರದ ಮೇಲೆ ಕೈಯೂರಿ ಏಳಲು ಹೋದವನು, ಅವಳ ಕಣ್ಣು ತನ್ನ ಕೈಯ ಮೇಲೆ ಇರುವುದನ್ನು ಕಂಡು ಮತ್ತೆ ಕೂತ.

"ನೀ ಮದಲ ಒಳಗ ಹೋಗವಾ," ಎಂದ ಕುಬೇರಪ್ಪ. "ಆಮ್ಯಾಲ ನಾ ಏಳತೇನಿ."

ಅವಳು ಹೋದಳು. ನಡುಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳುವವರೆಗೂ ಅವನು ಕುಣಿಯಲ್ಲೇ ಕೂತಿದ್ದ.